ಅಂಚನ್ನು ಸುತ್ತಲೂ ನೋಡಿದ ಮೇಲೆಯೇ ವರದಿ

ರಾಯಚೂರಿನ ನನ್ನ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಕೊಠಡಿಗೆ ಮಾನ್ವಿ, ಸಿಂಧನೂರು, ಲಿಂಗಸುಗೂರು ಕಡೆಯ ಹಳ್ಳಿಗಳಿಂದ ಬರುವ ಹೆಣ್ಣುಮಕ್ಕಳಲ್ಲಿ ಹಲವರು, ಎದೆಯ ಗಂಟು ಕೈಗೆ ಸಿಕ್ಕು ತಿಂಗಳುಗಳು ಕಳೆದ ಮೇಲೆ ಬರುತ್ತಾರೆ. "ನೂವಿಲ್ರಿ ಮೇಡಂ, ಅದಕ್ಕ ಸುಮ್ಮನಿದ್ದೆ" ಎನ್ನುತ್ತಾರೆ. ಸ್ತನದ ಕ್ಯಾನ್ಸರ್ ಗಡ್ಡೆ ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲವಾದ್ದರಿಂದ ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ವೃತ್ತಿಯ ಮೊದಲ ವರ್ಷಗಳಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು. ಮೂವತ್ತರ ಆಸುಪಾಸಿನ ತಾಯಿಯೊಬ್ಬರ ಗಡ್ಡೆ ತೆರೆಯ ಮೇಲೆ ಮೊಟ್ಟೆಯಾಕಾರದಲ್ಲಿ, ಚರ್ಮಕ್ಕೆ ಸಮಾನಾಂತರವಾಗಿ, ನುಣುಪಾದ ಅಂಚಿನೊಡನೆ ಕಂಡಿತು. ಕ್ಯಾನ್ಸರಲ್ಲದ ಫೈಬ್ರೊಅಡಿನೋಮಾ ಗಡ್ಡೆ ಎಂದು ಬಗೆದು, ಸ್ತನದ ಚಿತ್ರಗಳನ್ನು ವರ್ಗೀಕರಿಸುವ ಬೈರಾಡ್ಸ್ ಪದ್ಧತಿಯಲ್ಲಿ 3, ಅಂದರೆ ಕ್ಯಾನ್ಸರ್ ಸಂಭವ ಶೇ. 2ನ್ನು ಮೀರದ ವರ್ಗ, ಎಂದು ಬರೆದು ಆರು ತಿಂಗಳ ಬಳಿಕ ಬರಹೇಳಿದೆ. ಗಡ್ಡೆ ದೊಡ್ಡದಾಗಿ ಆಕೆ ಮೂರೇ ತಿಂಗಳಲ್ಲಿ ಮರಳಿದಾಗ ಎದೆಯ ಮೇಲಿಟ್ಟು ಆಡಿಸುವ ಸ್ಕ್ಯಾನಿಂಗ್ ಸಾಧನವಾದ ಪ್ರೋಬನ್ನು 90 ಡಿಗ್ರಿ ತಿರುಗಿಸಿ ನೋಡಿದೆ; ಒಂದು ಮೂಲೆಯಲ್ಲಿ ಎರಡು ಮೂರು ಮಿಲಿಮೀಟರಿನಷ್ಟು ಅಂಚು ಗರಗಸದ ಹಲ್ಲಿನಂತೆ ಪಕ್ಕದ ಕೊಬ್ಬಿನೊಳಗೆ ಹೊಕ್ಕಿತ್ತು. ಹಿಂದಿನ ಚಿತ್ರಗಳನ್ನು ತೆಗೆದು ನೋಡಿದರೆ, ಒಂದೇ ದಿಕ್ಕಿನಲ್ಲಿ ನೋಡಿ ಕೈಬಿಟ್ಟಿದ್ದೆ. ಸೂಜಿಯಿಂದ ಗಡ್ಡೆಯ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದೇ ಬಂತು.

ಅಂದಿನಿಂದ ಗಡ್ಡೆಯ ಮೇಲೆ ಪ್ರೋಬನ್ನು ನಿಧಾನವಾಗಿ ಸುತ್ತು ತಿರುಗಿಸದೆ ನಾನು ವರದಿ ಬರೆದಿಲ್ಲ. ಅಂಚು ಮುಳ್ಳುಮುಳ್ಳಾಗಿದೆಯೇ, ಗಡ್ಡೆ ಅಗಲಕ್ಕಿಂತ ಎತ್ತರವಾಗಿದೆಯೇ, ಹಿಂದೆ ಕಪ್ಪು ನೆರಳು ಬೀಳುತ್ತಿದೆಯೇ, ಕಂಕುಳಿನ ಗ್ರಂಥಿಗಳು ದಪ್ಪವಾಗಿವೆಯೇ ಎಂದು ನೋಡುತ್ತೇನೆ. ಉಳಿದೆಲ್ಲ ಲಕ್ಷಣಗಳು ಸೌಮ್ಯವಾಗಿದ್ದರೂ ಸಂಶಯ ಹುಟ್ಟಿಸುವ ಒಂದನ್ನೇ ನೆಚ್ಚಿ ಸೂಜಿ ಪರೀಕ್ಷೆಗೆ ಬರೆಯುತ್ತೇನೆ. ಟ್ರಿಪಲ್ ನೆಗೆಟಿವ್ ಎಂಬ ಉಗ್ರ ಬಗೆಯ ಕೆಲವು ಕ್ಯಾನ್ಸರ್‌ಗಳು ನುಣುಪಾದ ಅಂಚಿನಿಂದಲೇ ಮೋಸಗೊಳಿಸುತ್ತವೆ. ಇದಕ್ಕೆ ತದ್ವಿರುದ್ಧವಾಗಿ, ಗ್ರ್ಯಾನ್ಯುಲೋಮಾ ಎಂಬ, ಕ್ಯಾನ್ಸರಲ್ಲದ ಗಂಟುಗಟ್ಟುವ ಉರಿಯೂತವೂ ಸ್ತನದ ಕ್ಷಯವೂ ತೆರೆಯ ಮೇಲೆ ಥೇಟ್ ಕ್ಯಾನ್ಸರಿನಂತೆಯೇ ತೋರಬಲ್ಲವು.

ಎಳೆಯ ವಯಸ್ಸಿನಲ್ಲಿ ಸ್ತನದ ಅಂಗಾಂಶ ದಟ್ಟವಾಗಿರುವುದರಿಂದ ಸ್ತನದ ಎಕ್ಸ್‌ರೇ ಚಿತ್ರವಾದ ಮ್ಯಾಮೋಗ್ರಾಮಿನಲ್ಲಿ ಗಡ್ಡೆಯೂ ಬಿಳಿ, ಸುತ್ತಲಿನದೂ ಬಿಳಿ. ಹಾಗೆಂದು ಅದನ್ನು ಕಡೆಗಣಿಸಲಾಗದು. ಹುರಿದು ಅರಳಿದ ಜೋಳದಂಥ ದಪ್ಪ ಸುಣ್ಣದ ಕಣ ಹಳೆಯ ಫೈಬ್ರೊಅಡಿನೋಮಾದ ಗುರುತು. ನಾಳದ ಗುಂಟ ಕವಲೊಡೆದು ಹರಡಿದ ಸಣ್ಣ ಕಣಗಳು ಕ್ಯಾನ್ಸರಿನ ಸೂಚನೆ, ಅವು ಸ್ಕ್ಯಾನಿಂಗಿನಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ.

ಬಯಾಪ್ಸಿಗೆ 14 ಗೇಜಿನ ದಪ್ಪ ಸೂಜಿ ಬಳಸುತ್ತೇನೆ. ಚಿತ್ರ ಸಂಶಯಾಸ್ಪದವಾಗಿದ್ದು ಬಯಾಪ್ಸಿಯಲ್ಲಿ ಕ್ಯಾನ್ಸರ್ ಇಲ್ಲವೆಂದು ಬಂದರೆ, ನಾನು ಆ ಚೂರನ್ನು ಪರೀಕ್ಷಿಸಿದ ಪೆಥಾಲಜಿಸ್ಟರಿಗೆ ಫೋನು ಮಾಡಿ, ಇಬ್ಬರೂ ಕೂಡಿ ಚಿತ್ರಗಳನ್ನು ನೋಡಿ, ಚಿತ್ರಕ್ಕೂ ಬಯಾಪ್ಸಿಗೂ ಹೊಂದದಿದ್ದರೆ ರೋಗಿಯನ್ನು ಮತ್ತೆ ಕರೆಸುತ್ತೇನೆ.