ಜಗಲಿಯ ವೈಫೈ ಮೆತ್ತಿಗೂ ಮುಟ್ಟಬೇಕಾದರೆ

ಶಿರಸಿ ಕಡೆಯ ಹಳೇ ಮನೆಗಳಲ್ಲಿ ವೈಫೈ ಅಂದರೆ ಜಗಲಿಗೆ ಮಾತ್ರ. ಫೈಬರ್ ಎಳೆಯಲು ಬಂದವರು ಬಾಗಿಲ ಪಕ್ಕ ಒಂದು ತೂತು ಕೊರೆದು, ಅಲ್ಲೇ ರೂಟರ್ ನೇತುಹಾಕಿ ಹೋಗುತ್ತಾರೆ. ಅಲ್ಲಿಂದ ನಡುಮನೆ ದಾಟಿ, ಎರಡು ದಪ್ಪ ಗೋಡೆ ತೂರಿಕೊಂಡು, ಮೆತ್ತಿನ (ಮಹಡಿಯ) ಮೇಲೆ ಮೀಟಿಂಗಿಗೆ ಕೂತ ಮಗಳ ಲ್ಯಾಪ್‌ಟಾಪ್ ಮುಟ್ಟುವಷ್ಟರಲ್ಲಿ ಸಿಗ್ನಲ್ ಸುಸ್ತಾಗಿರುತ್ತದೆ. ಆಗ ಎಲ್ಲರೂ ಇನ್ನೂ ದೊಡ್ಡ ರೂಟರ್ ತರುತ್ತಾರೆ. ನಾನೂ ತಂದಿದ್ದೆ. ಆಂಟೆನಾ ಜಾಸ್ತಿ ಆಯಿತು, ಸಿಗ್ನಲ್ ಅಷ್ಟೇ ಇತ್ತು. ರೂಟರ್ ಕೂಗಿದ್ದು ಫೋನಿಗೆ ಕೇಳಿದರೆ ಸಾಲದು, ಫೋನಿನ ಸಣ್ಣ ದನಿ ವಾಪಸ್ ರೂಟರಿಗೂ ಕೇಳಬೇಕಲ್ವಾ?

ಸಿಗ್ನಲ್ ಹಿಡಿದು ಮತ್ತೆ ಹರಡುವ, ಪ್ಲಗ್ಗಿಗೆ ಸಿಕ್ಕಿಸುವ ರಿಪೀಟರ್ ಕೂಡ ನನಗೆ ಅಷ್ಟಕ್ಕಷ್ಟೇ. ಅಗ್ಗದವುಗಳಲ್ಲಿ ವೇಗ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಮೆತ್ತಿನವರೆಗೆ ವೈರ್ ಎಳೆದು, ಅಲ್ಲಿ ಒಂದು ಆಕ್ಸೆಸ್ ಪಾಯಿಂಟ್, ಅಂದರೆ ವೈರಿನಲ್ಲಿ ಬಂದ ನೆಟ್ಟನ್ನು ಅಲ್ಲೇ ವೈಫೈ ಆಗಿ ಹರಡುವ ಪೆಟ್ಟಿಗೆ, ಇಟ್ಟುಬಿಡಿ. ಒಂದು ದಿನದ ಕೆಲಸ.

ಮೊದಲು ವೈರ್. ಅಂಗಡಿಯಲ್ಲಿ ಕ್ಯಾಟ್ 6 ಎಂಬ ನೆಟ್‌ವರ್ಕ್ ಕೇಬಲ್ ಕೇಳಿ, ಪೂರ್ತಿ ತಾಮ್ರದ್ದೇ ಬೇಕು ಅನ್ನಿ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಕೊಟ್ಟದ್ದು ಅಗ್ಗ, ಆದರೆ ಬಾಗಿಸಿದಲ್ಲಿ ಬೇಗ ಮುರಿಯುತ್ತದೆ. 100 ಮೀಟರ್ ತನಕ ತೊಂದರೆ ಇಲ್ಲ. ಕರೆಂಟ್ ವೈರಿನ ಜೊತೆ ಒಂದೇ ಪೈಪಿನಲ್ಲಿ ಹಾಕಬೇಡಿ, ಬೇರೆ ಪೈಪಿನಲ್ಲಿ ಹಾಕಿ. ಪೈಪೇ ಇಲ್ಲದಿದ್ದರೆ ಅಟ್ಟದ ಇಲಿ ಬಿಡುವುದಿಲ್ಲ.

ತುದಿಗೆ ಪ್ಲಗ್ ಕೂರಿಸುವಾಗ ಬಣ್ಣದ ಸಾಲು ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಸಾಲು. ಎಂಟರಲ್ಲಿ ಒಂದು ಎಳೆ ಸರಿಯಾಗಿ ಕೂರದಿದ್ದರೂ ನೆಟ್ ಬರಬಹುದು, ಆದರೆ ವೇಗ 100 ಎಂಬಿಪಿಎಸ್‌ಗೆ ನಿಂತುಬಿಡುತ್ತದೆ, ನೀವು ಸುಮ್ನೆ ಕಂಪನಿಯವರಿಗೆ ಬೈತಾ ಕೂರುತ್ತೀರಿ.

ಆಕ್ಸೆಸ್ ಪಾಯಿಂಟ್ ಹೊಸತೇ ಬೇಕೆಂದಿಲ್ಲ. ಕಪಾಟಿನಲ್ಲಿ ಬಿದ್ದ ಹಳೇ ರೂಟರ್ ಸಾಕು. ಅದರ ಸೆಟ್ಟಿಂಗಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಅದನ್ನು ಆರಿಸಿ, ಕೆಲಸ ಮುಗಿಯಿತು. ಇಲ್ಲದಿದ್ದರೆ ಅದಕ್ಕೆ ಲ್ಯಾಪ್‌ಟಾಪನ್ನು ವೈರಿನಲ್ಲಿ ಜೋಡಿಸಿ, ಮೊದಲು ಅದರ ಐಪಿ ವಿಳಾಸ (ಮನೆಯ ನೆಟ್ಟಿನಲ್ಲಿ ಅದನ್ನು ಗುರುತಿಸುವ ಅಂಕಿ) ಬದಲಿಸಿ. ಜಗಲಿಯ ರೂಟರ್ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ. ಸೇವ್ ಮಾಡಿದ ಕೂಡಲೇ ಪುಟ ಹೋಗಿಬಿಡುತ್ತದೆ, ಗಾಬರಿ ಬೇಡ, ಬ್ರೌಸರಿನಲ್ಲಿ ಹೊಸ ವಿಳಾಸ ಹೊಡೆದು ಮತ್ತೆ ಒಳಗೆ ಹೋಗಿ. ಆಮೇಲೆ ಡಿಎಚ್‌ಸಿಪಿ ಆಫ್ ಮಾಡಿ. ಮನೆಯ ಫೋನು, ಟಿವಿಗಳಿಗೆಲ್ಲ ವಿಳಾಸ ಹಂಚುವುದು ಅದೇ, ಹಂಚುವವರು ಇಬ್ಬರಾದರೆ ಗಲಾಟೆ. ಕೊನೆಗೆ ಮೆತ್ತಿಗೆ ಬಂದ ವೈರನ್ನು ಲ್ಯಾನ್ ಎಂದು ಬರೆದ ತೂತಿಗೇ ಸಿಕ್ಕಿಸಿ. ವ್ಯಾನ್ ತೂತು ಖಾಲಿ ಇರಲಿ.

ವೈಫೈ ಹೆಸರು, ಪಾಸ್‌ವರ್ಡ್ ಎರಡೂ ಕಡೆ ಒಂದೇ ಇಡಿ. ಚಾನೆಲ್ (ವೈಫೈ ಓಡುವ ದಾರಿಯ ನಂಬರ್) ಮಾತ್ರ ಬೇರೆ. 2.4 ಗಿಗಾಹರ್ಟ್ಸ್‌ನಲ್ಲಿ 1, 6, 11 ಒಂದಕ್ಕೊಂದು ತಾಗುವುದಿಲ್ಲ. ಕೆಳಗೆ 1 ಇದ್ದರೆ ಮೇಲೆ 6 ಕೊಡಿ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ಗೋಡೆ ಕಂಡರೆ ಅದಕ್ಕೆ ಆಗದು.

ರೂಟರಿನ ತೂತುಗಳೆಲ್ಲ ತುಂಬಿದರೆ ಐದು ಪೋರ್ಟಿನ (ತೂತಿನ) ಗಿಗಾಬಿಟ್ ಸ್ವಿಚ್, ಅಂದರೆ ಒಂದು ನೆಟ್ ವೈರನ್ನು ಹಲವಕ್ಕೆ ಹಂಚುವ ಪೆಟ್ಟಿಗೆ, ತನ್ನಿ. ಸೆಟ್ಟಿಂಗ್ ಏನೂ ಇಲ್ಲ, ಸಿಕ್ಕಿಸಿದರಾಯಿತು. ಒಂದೇ ವೈರಿನ ಎರಡೂ ತುದಿ ಮಾತ್ರ ಅದೇ ಸ್ವಿಚ್ಚಿಗೆ ಸಿಕ್ಕಿಸಬೇಡಿ. ನಾನು ಒಮ್ಮೆ ಕತ್ತಲಲ್ಲಿ ಹಾಗೆ ಮಾಡಿ, ಇಡೀ ಮನೆಯ ನೆಟ್ ನಿಂತು, ಕಾರಣ ಸಿಗಲು ಅರ್ಧ ದಿನ ಬೇಕಾಯಿತು.

ಈಗ ಗುಡುಗಿನ ವಿಷಯ. ನಮ್ಮಲ್ಲಿ ಬೇಸಿಗೆ ಕೊನೆಯ ಗುಡುಗು-ಮಿಂಚು ಹೇಗಿರುತ್ತದೆ ಗೊತ್ತಲ್ಲ. ಕ್ಯಾಮೆರಾಕ್ಕೆಂದು ಮನೆಯಿಂದ ಕೊಟ್ಟಿಗೆಗೆ ತಾಮ್ರದ ವೈರ್ ಎಳೆದಿದ್ದೆ. ಒಂದು ಸಂಜೆ ಹತ್ತಿರದಲ್ಲೆಲ್ಲೋ ಸಿಡಿಲು ಬಿತ್ತು. ಪವರ್ ಪ್ಲಗ್ ತೆಗೆದಿಟ್ಟಿದ್ದೆ, ಆದರೂ ಸ್ವಿಚ್ ಸತ್ತಿತು, ಏಕೆಂದರೆ ನೆಟ್ ವೈರ್ ತೆಗೆದಿರಲಿಲ್ಲ. ಹಾಗಾಗಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಫೈಬರ್ ಎಳೆದು, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ತಾಮ್ರದ ವೈರಿಗೆ ಜೋಡಿಸುವ ಪೆಟ್ಟಿಗೆ) ಹಾಕುವುದೇ ಒಳ್ಳೆಯದು. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಕೊಳ್ಳುವಾಗ ಒಳಗೆ ಲೋಹದ ತಂತಿ ಇಲ್ಲದ್ದೇ ನೋಡಿ.

ಕುಮಟಾ, ಕಾರವಾರದ ಕಡಲ ಬದಿಯವರು ಜೋಡಣೆಗಳನ್ನು ಹೊರಗೆ ಬಿಡಬೇಡಿ. ಉಪ್ಪುಗಾಳಿಗೆ ಪಿನ್ನುಗಳು ಕಿಲುಬು ಹಿಡಿಯುತ್ತವೆ.

ಇನ್ನು ಮಳೆಗಾಲದ ಕರೆಂಟು. ರೂಟರಿಗೆಂದೇ ಚಿಕ್ಕ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮೊದಲು ಅಡಾಪ್ಟರಿನ ಮೇಲೆ ಬರೆದ ವೋಲ್ಟ್, ಆಂಪಿಯರ್ ಓದಿಕೊಳ್ಳಿ. 12 ವೋಲ್ಟಿನದಕ್ಕೆ 12ರದ್ದೇ ಬೇಕು, ಆಂಪಿಯರ್ ಅಷ್ಟೇ ಅಥವಾ ಸ್ವಲ್ಪ ಜಾಸ್ತಿ ಇರಲಿ. ಮೆತ್ತಿಗೂ ಒಂದು ತನ್ನಿ. ಜಗಲಿಯ ರೂಟರ್ ಒಂದೇ ಎಚ್ಚರವಿದ್ದರೆ ಮಗಳು ಮತ್ತೆ ಲ್ಯಾಪ್‌ಟಾಪ್ ಎತ್ತಿಕೊಂಡು ಕೆಳಗೇ ಬರಬೇಕು.