ತಲೆ ಕಡಿದ ಮೇಲೆ ಚಿಗುರಿದ ಲೆದರ್

ಲೆದರಿನ, ಅಂದರೆ ಉಪ್ಪುನೀರಿನ ಅಕ್ವೇರಿಯಂನಲ್ಲಿ ಸಾಕುವ ಅಣಬೆಯಾಕಾರದ ಮೆದು ಹವಳದ, ತಲೆ ಕಡಿಯುತ್ತೇನೆ ಅಂದಾಗ ನಮ್ಮ ಮಂಗಳೂರಿನ ಟ್ಯಾಂಕ್ ಗೆಳೆಯರಲ್ಲಿ ಒಬ್ಬನೂ ಹೂಂ ಅನ್ನಲಿಲ್ಲ. "ಇದೆಂಥ ಕೋಳಿಯಾ ಮಾರಾಯ, ಕಡಿಯಲಿಕ್ಕೆ?" ಅಂದ ಒಬ್ಬ. ಹದಿನೈದು ವರ್ಷದಿಂದ ಉಪ್ಪುನೀರಿನ ಟ್ಯಾಂಕ್ ಇಟ್ಟ ಹಿರಿಯರೊಬ್ಬರು, "ಎತ್ತಿ ಬಿಸಾಡಿ, ಅದೊಂದರ ಆಸೆಗೆ ಉಳಿದದ್ದನ್ನೂ ಕಳೆದುಕೊಳ್ಳಬೇಡಿ" ಅಂದರು. ಈಗ ಅದೇ ಬುಡದ ಮೇಲೆ ಹೊಸ ಕೊಡೆ, ಅಂದರೆ ತಲೆ, ಬಂದಿದೆ. ಹಾಗಾಗಿ ಸ್ವಲ್ಪ ಎದೆಯುಬ್ಬಿಸಿಯೇ ಬರೆಯುತ್ತಿದ್ದೇನೆ.

ನನ್ನದು ಮೂರಡಿಯ ಟ್ಯಾಂಕ್, ಸಂಪ್ (ಅದರ ಫಿಲ್ಟರ್ ತೊಟ್ಟಿ) ಸೇರಿ 200 ಲೀಟರ್ ಆಸುಪಾಸು. ಕಲ್ಲು ಹವಳವೆಲ್ಲ ವನ್ಯಜೀವಿ ಕಾಯ್ದೆಯ ಶೆಡ್ಯೂಲ್ 1ರಲ್ಲಿ, ಕಟ್ಟುನಿಟ್ಟಿನ ರಕ್ಷಣೆಯ ಪಟ್ಟಿಯಲ್ಲಿ ಉಂಟು, ಆ ಉಸಾಬರಿಗೆ ನಾನು ಹೋಗುವುದಿಲ್ಲ. ಸಾಫ್ಟ್ ಕೋರಲ್ ಮಾತ್ರ. ಅಣಬೆ ಲೆದರ್ ತಂದದ್ದು ಮೂರೂವರೆ ಸಾವಿರ ಕೊಟ್ಟು. ಅಂಗೈಯಷ್ಟಿದ್ದದ್ದು ವರ್ಷದೊಳಗೆ ಗೇಣಗಲ ಆಯ್ತು. ಕಳೆದ ವರ್ಷ ಏಪ್ರಿಲ್‌ನಲ್ಲಿ ಮುಚ್ಚಿಕೊಂಡಿತು, ಮೈಮೇಲೆ ಮೇಣದ ಹಾಗೆ ಹೊಳಪು. ಪೊರೆ ಬಿಡುತ್ತಿದೆ, ವಾರದಲ್ಲಿ ಏಳುತ್ತದೆ ಅಂತ ಸುಮ್ಮನಿದ್ದೆ. ಮೂರು ವಾರವಾದರೂ ಒಂದು ಪಾಲಿಪ್ (ಹವಳದ ಹೂವಿನಂಥ ಪುಟ್ಟ ಬಾಯಿ) ಹೊರಗೆ ಇಣುಕಲಿಲ್ಲ.

ಆಮೇಲೆ ಶುರುವಾಯಿತು ನನ್ನ ಕೈಚಳಕ. ಬೆಳಕು ಸಾಲದು ಅಂತ ಲೈಟನ್ನು ಶೇಕಡಾ 40ರಿಂದ 65ಕ್ಕೆ ಏರಿಸಿದೆ. ಇನ್ನಷ್ಟು ಮುದುಡಿತು. ಅಮೈನೋ, ಅಯೋಡಿನ್, ಹೆಸರು ನೆನಪಿಲ್ಲದ ಇನ್ನೆರಡು, ಹೀಗೆ ನಾಲ್ಕು ಬಾಟಲಿಗೆ ಆರು ಸಾವಿರ ಹೋಯಿತು. ಫಾಸ್ಫೇಟ್ ರಿಮೂವರ್ ಹಾಕಿ ಹಾಕಿ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗೆ ಬಂದಿತ್ತು, ಅದನ್ನು ಬೇರೆ ಫೋಟೋ ತೆಗೆದು ಎಲ್ಲರಿಗೂ ಕಳಿಸಿದ್ದೆ. ಪಾಪದ ಲೆದರ್‌ಗೆ ಅದು ಉಪವಾಸ ಅಂತ ಆಗ ಹೊಳೆಯಲಿಲ್ಲ. ಹಸಿದಿರಬಹುದು ಅಂತ ಕೊನೆಗೊಮ್ಮೆ ಅನಿಸಿದಾಗ ಮಾಡಿದ ಕೆಲಸವೋ, ಬಂಗುಡೆ ತೊಳೆದ ನೀರು ಹೊಯ್ದದ್ದು. ಎಣ್ಣೆ ಪಸೆ ಮೇಲೆ ಹರಡಿ, ನೊರೆಯಲ್ಲಿ ಕೊಳೆ ತೆಗೆಯುವ ಸ್ಕಿಮ್ಮರ್ ಎರಡು ದಿನ ನೊರೆಯನ್ನೇ ಏಳಿಸಲಿಲ್ಲ, ಮನೆಯ ಬೆಕ್ಕು ಸಂಪ್ ಬಾಗಿಲ ಮುಂದೆ ಠಿಕಾಣಿ ಹೂಡಿತು.

ನಿಜವಾದ ಕಳ್ಳ ಸಿಕ್ಕಿದ್ದು ಗೆಳೆಯನೊಬ್ಬ ನೀರಿನ ಉಪ್ಪು ಅಳೆಯುವ ಅವನ ರಿಫ್ರ್ಯಾಕ್ಟೋಮೀಟರ್ ತಂದಾಗ. ನನ್ನದು 35 (ಸಾವಿರ ಪಾಲಿಗೆ 35 ಪಾಲು ಉಪ್ಪು) ತೋರಿಸುವ ನೀರಿಗೆ ಅವನದು 31 ತೋರಿಸಿತು. ನಾನು ಯಾವಾಗಲೂ ಆರ್‌ಓ ನೀರಿನ ಹನಿ ಹಾಕಿ ಮೀಟರನ್ನು ಸೊನ್ನೆಗೆ ಕೂರಿಸುತ್ತಿದ್ದೆ. ಸೊನ್ನೆಯಲ್ಲಿ ಸರಿ ಇದ್ದದ್ದು ಮೇಲೆ ಹೋದ ಹಾಗೆ ತಪ್ಪುತ್ತಿತ್ತು. ಮೀಟರ್ ಪರೀಕ್ಷಿಸುವ ಆರುನೂರು ರೂಪಾಯಿಯ 35ರ ದ್ರಾವಣ ತರಿಸಿ ನೋಡಿದರೆ ಅವನೇ ಸರಿ. ಆರುನೂರು ಉಳಿಸಲು ಹೋಗಿ ಎಷ್ಟು ಕಳೆದೆನೆಂದು ಲೆಕ್ಕ ಹಾಕುವುದೇ ಬೇಡ. ಆವಿಯಾದ ನೀರಿಗೆ ಸಿಹಿನೀರಿನ ಬದಲು ಉಪ್ಪುನೀರನ್ನೇ ತುಂಬುತ್ತಾ ಹತ್ತು ದಿನದಲ್ಲಿ 35ಕ್ಕೆ ತಂದೆ. ಅವಸರ ಮಾಡಲಿಲ್ಲ, ಆ ಮಟ್ಟಿಗೆ ಬುದ್ಧಿ ಇತ್ತು.

ಉಪ್ಪಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಸಮುದ್ರ ಬಗಲಲ್ಲಿ ಇಟ್ಟುಕೊಂಡು ಡಬ್ಬದ ಉಪ್ಪಿಗೆ ದುಡ್ಡು ಸುರಿಯುವುದು ನಮ್ಮ ಅಮ್ಮನಿಗೆ ಇವತ್ತಿಗೂ ಅರ್ಥವಾಗಿಲ್ಲ. ಅವರ ಮಾತಿಗೆ ಒಮ್ಮೆ ಫೆಬ್ರವರಿಯಲ್ಲಿ ಸೋಮೇಶ್ವರದಿಂದ ಎರಡು ಕ್ಯಾನ್ ತಂದಿದ್ದೆ, 34–35 ಇತ್ತು, ತಿಳಿಯಾಗಿತ್ತು. ಅದೇ ಧೈರ್ಯದಲ್ಲಿ ಆಗಸ್ಟ್‌ನಲ್ಲಿ ತಣ್ಣೀರುಬಾವಿಗೆ ಹೋದೆ. ಆ ಹೊತ್ತಿಗೆ ನೇತ್ರಾವತಿ, ಫಲ್ಗುಣಿ ಎರಡೂ ಅಳಿವೆಬಾಗಿಲಿನಲ್ಲಿ ಕೆಂಪು ನೀರು ಕಕ್ಕುತ್ತಿರುತ್ತವೆ. ಕ್ಯಾನಿನಲ್ಲಿ 24ರ ಹತ್ತಿರ, ತಳದಲ್ಲಿ ಬೆರಳು ದಪ್ಪ ಕೆಸರು. ತೆಂಗಿನ ಬುಡಕ್ಕೆ ಹೊಯ್ದೆ. ಡಬ್ಬದ ಉಪ್ಪನ್ನೂ ಮಳೆಗಾಲದಲ್ಲಿ ಬಾಯಿ ತೆರೆದಿಟ್ಟರೆ ಪಸೆ ಹೀರಿ ಕಲ್ಲಾಗುತ್ತದೆ, ತೂಕ ಹಾಕಿದರೆ ಒಂದಷ್ಟು ನೀರೇ.

ಉಪ್ಪು ಸರಿಯಾದ ಮೇಲೆ ಲೆದರ್ ಚೇತರಿಸಿತ್ತೋ ಏನೋ. ಅಷ್ಟರಲ್ಲಿ ಮೇ ತಿಂಗಳ ಗುಡುಗು ಮಳೆಗೆ ರಾತ್ರಿ ಕರೆಂಟ್ ಹೋಯಿತು, ಐದು ಗಂಟೆ ಬರಲಿಲ್ಲ. ಇನ್ವರ್ಟರ್ ಇದ್ದದ್ದು ಮನೆಯ ಫ್ಯಾನಿಗೆ, ಟ್ಯಾಂಕಿಗಲ್ಲ. ಬೆಳಿಗ್ಗೆ ನೀರು 32 ಡಿಗ್ರಿ. ಮಡಚಿಕೊಂಡ ಕೊಡೆಯ ಸುಕ್ಕಿನಲ್ಲಿ ಕಸ ಕೂತು, ಕೊಡೆ ಕಾಂಡ ಸೇರುವಲ್ಲಿ ಒಂದು ಬದಿ ಕಪ್ಪಗೆ ಕರಗಿತ್ತು. ಬೆರಳಿಟ್ಟರೆ ಒಳಗೆ ಹೋಗುತ್ತದೆ, ವಾಸನೆ ನಿಮಗೆ ಗೊತ್ತೇ ಉಂಟು. ಆದರೆ ಕೆಳಗಿನ ಕಾಂಡ ಹಿಚುಕಿದರೆ ಇನ್ನೂ ಬಿಗಿಯಾಗಿತ್ತು. ಆಗಲೇ ಕಡಿಯುವುದೆಂದು ಗಟ್ಟಿ ಮಾಡಿದೆ.

ಕಲ್ಲು ಸಮೇತ ಎತ್ತಿ ಬಕೆಟಿಗೆ ಹಾಕಿ, ಗ್ಲೌಸ್ ಹಾಕಿಕೊಂಡು, ಹೊಸ ಬ್ಲೇಡಿನಿಂದ ಕೊಳೆತ ಜಾಗಕ್ಕಿಂತ ಒಂದು ಬೆರಳು ಕೆಳಗೆ, ಒಂದೇ ಎಳೆತಕ್ಕೆ ಕೊಯ್ದೆ. ಹಸಿ ಬೊಂಡಾಸ್ (ಸ್ಕ್ವಿಡ್) ಕೊಯ್ದ ಹಾಗೆ, ಆದರೆ ಒಳಗೆ ಮರಳು ಸಿಕ್ಕಿದ ಹಾಗೆ ಕರಕರ. ಅಮ್ಮ ಅಡಿಗೆಮನೆಯಿಂದ ನೋಡಿ, "ಇದಕ್ಕೆ ಮಸಾಲೆ ಅರೆಯಬೇಕಾ?" ಅಂದರು. ಲೋಳೆ ಸುಮಾರು ಬರುತ್ತದೆ, ಅದರಲ್ಲಿ ವಿಷವೂ ಉಂಟು, ಹಾಗಾಗಿ ಟ್ಯಾಂಕಿನೊಳಗೇ ಕೊಯ್ಯುವವರಿಗೆ ದೊಡ್ಡ ನಮಸ್ಕಾರ. ಮೂರು ಬಕೆಟ್ ಬದಲಿಸಿ ತೊಳೆದೆ, ಆಮೇಲೆ ಅಯೋಡಿನ್ ಸ್ನಾನ ಹತ್ತು ನಿಮಿಷ. ಎಷ್ಟು ಹನಿ, ಜೊತೆಗೆ ಇನ್ನೇನು ಅಂತ ಇಲ್ಲಿ ಬರೆಯುವುದಿಲ್ಲ. ಎರಡು ಪುಟ್ಟ ತುಂಡು ಕೊಂದು ಕಲಿತದ್ದು ಅದು, ನನ್ನಲ್ಲೇ ಇರಲಿ. ಟ್ಯಾಂಕಿಗೆ ವಿಷ ಹೀರುವ ಹೊಸ ಕಾರ್ಬನ್ ಹಾಕಿದೆ, ನಾಲ್ಕನೇ ದಿನ ಮತ್ತೆ ಬದಲಿಸಿದೆ.

ಕೊಡೆಯ ಒಳ್ಳೆ ಅಂಚಿನಿಂದ ಏಳು ತುಂಡು ಮಾಡಿದ್ದೆ. ಗೋಂದು ಲೋಳೆಗೆ ನಿಲ್ಲುವುದಿಲ್ಲ ಅಂತ ಗೊತ್ತಿದ್ದೂ ಒಂದಕ್ಕೆ ಹಚ್ಚಿದೆ, ಮರುದಿನ ನೀರು ಅಲೆಯಾಡಿಸುವ ವೇವ್‌ಮೇಕರಿನ ಬಾಯಲ್ಲಿತ್ತು. ಇನ್ನೊಂದಕ್ಕೆ ಹಿಡಿಸೂಡಿ ಕಡ್ಡಿ ಚುಚ್ಚಿ ಕಲ್ಲಿಗೆ ಕಟ್ಟಿದೆ, ವಾರದಲ್ಲಿ ಕಡ್ಡಿ ಕೊಳೆತು ತುಂಡನ್ನೂ ಕರೆದುಕೊಂಡು ಹೋಯಿತು. ಉಳಿದ ಐದನ್ನು ಐಸ್‌ಕ್ರೀಮ್ ಡಬ್ಬಿಯಲ್ಲಿ ಕಲ್ಲುಚೂರಿನ ಮೇಲೆ ಹಾಕಿ, ಹಳೆ ಸೊಳ್ಳೆಪರದೆ ಸಡಿಲವಾಗಿ ಮುಚ್ಚಿಟ್ಟೆ. ಮೂರು ವಾರಕ್ಕೆ ಐದೂ ಅಂಟಿಕೊಂಡವು.

ಬುಡವನ್ನು ಕೆಳಗೆ ನೆರಳಲ್ಲಿಟ್ಟು ಲೈಟ್ ಶೇಕಡಾ 35ಕ್ಕೆ ಇಳಿಸಿದೆ. ನೀರಿನ ಸೆಳೆತ ನೇರ ಹೊಡೆಯದ ಹಾಗೆ, ಆದರೆ ಕಸ ಕೂರದ ಹಾಗೆ. ಫಾಸ್ಫೇಟ್ ರಿಮೂವರ್ ತೆಗೆದು, ಮೀನಿಗೆ ಎರಡು ಹೊತ್ತು ಊಟ ಹಾಕಿ, ನೈಟ್ರೇಟ್ 8–10ಕ್ಕೆ ಏರಲು ಬಿಟ್ಟೆ. ಮತ್ತೆ ಕೈ ಹಾಕಲಿಲ್ಲ. ಕೈ ಹಾಕದೆ ಕೂರುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಮೊದಲ ಎರಡು ವಾರ ಅದು ಹಳೇ ಬಾಟಲಿಯ ಬಿರಡೆಯ ಹಾಗೆ ನಿಂತಿತ್ತು. ಗಾಯ ನಡುವಿಗೆ ಸುರುಟಿ ಮುಚ್ಚಿತು. ಆರನೇ ವಾರ ಅಂಚಿನಲ್ಲಿ ಸಾಸಿವೆಯಷ್ಟು ಪಾಲಿಪ್‌ಗಳು, ಲೆಕ್ಕ ಹಾಕಿದೆ, ಹನ್ನೊಂದು. ರಾತ್ರಿ ಹನ್ನೊಂದೂವರೆಗೆ ಫೋಟೋ ತೆಗೆದು ಆ ಹಿರಿಯರಿಗೇ ಮೊದಲು ಕಳಿಸಿದೆ. ಬೆಳಿಗ್ಗೆ ಉತ್ತರ ಬಂತು: "ಒಂದು ತುಂಡು ನನಗೆ ಇಡಿ."

ಖರ್ಚು ಎಲ್ಲ ಸೇರಿ ಹನ್ನೆರಡು ಸಾವಿರದ ಮೇಲೆ, ಅದರಲ್ಲಿ ನಿಜವಾಗಿ ಬೇಕಾಗಿದ್ದದ್ದು ದ್ರಾವಣ, ಕಾರ್ಬನ್, ಬ್ಲೇಡು, ಹೆಚ್ಚೆಂದರೆ ಸಾವಿರದಿನ್ನೂರು. ಎರಡು ತುಂಡು ಎಂಟುನೂರರ ಹಾಗೆ ಮಾರಿದೆ, ಒಂದು ಹಿರಿಯರ ಪಾಲಾಯಿತು, ಎರಡು ನನ್ನಲ್ಲೇ ಉಂಟು. ವೇವ್‌ಮೇಕರಿಗೆ ಇನ್ವರ್ಟರ್ ವಯರ್ ಎಳೆಸಿಯಾಯ್ತು. ನೀರು ತಣ್ಣಗಿಡುವ ಚಿಲ್ಲರ್ ಮಾತ್ರ ಇನ್ನೂ ಇಲ್ಲ, ಇಪ್ಪತ್ತೆಂಟು ಸಾವಿರ ಹೇಳುತ್ತಾರೆ. ಮೊನ್ನೆ ಅಳೆದೆ, ಹೊಸ ಕೊಡೆ ನಾಲ್ಕಿಂಚು ಆಗಿದೆ, ಕಡಿದ ಬದಿಗೆ ಸ್ವಲ್ಪ ವಾರೆ.