560001: ಒಂದು ಪಿನ್‌ಕೋಡನ್ನು ಬಿಡಿಸುವ ಬಗೆ

ದೊಡ್ಡ ಪೂರ್ಣಸಂಖ್ಯೆಯೊಂದರ ಗುಣಗಳನ್ನು ಕಾಗದ, ಪೆನ್ಸಿಲ್ಲಿನಲ್ಲೇ ತಿಳಿಯಬೇಕೆಂದರೆ ಮೊದಲು ಅದರ ಅವಿಭಾಜ್ಯ ಅಪವರ್ತನಗಳನ್ನು ಕಂಡುಹಿಡಿಯಬೇಕು. ಉಳಿದದ್ದೆಲ್ಲ ಅವುಗಳಿಂದಲೇ ದೊರೆಯುತ್ತದೆ. ಬೆಂಗಳೂರಿನ ಪ್ರಧಾನ ಅಂಚೆ ಕಚೇರಿಯ ಪಿನ್‌ಕೋಡ್ 560001 ಅನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಂಚೆಯವರಿಗೆ ಅದು ಬರಿಯ ಗುರುತು; ಇಲ್ಲಿ ಅದನ್ನು ಐದು ಲಕ್ಷದ ಅರವತ್ತು ಸಾವಿರದ ಒಂದು ಎಂದೇ ಓದಬೇಕು.

ಕೊನೆಯ ಅಂಕಿ 1 ಆದ್ದರಿಂದ 2 ಮತ್ತು 5 ಭಾಗಿಸುವುದಿಲ್ಲ. ಅಂಕಿಗಳ ಮೊತ್ತ 12. ಆದುದರಿಂದ 3 ಭಾಗಿಸುತ್ತದೆ, 9 ಭಾಗಿಸುವುದಿಲ್ಲ. ಭಾಗಲಬ್ಧ 186667.

ಮುಂದೆ 7, 11, 13ನ್ನು ಒಟ್ಟಿಗೇ ಪರೀಕ್ಷಿಸಬಹುದು, ಏಕೆಂದರೆ ಈ ಮೂರರ ಗುಣಲಬ್ಧ 1001. ಬಲಗಡೆಯ ಮೂರು ಅಂಕಿಗಳಿಂದ ಎಡಗಡೆಯ ಮೂರನ್ನು ಕಳೆದರೆ 667 − 186 = 481 ಬರುತ್ತದೆ. ಇದನ್ನು 7 ಆಗಲಿ 11 ಆಗಲಿ ಭಾಗಿಸದು; ಆದರೆ 481 = 13 × 37 ಆಗಿರುವುದರಿಂದ ಮೂಲಸಂಖ್ಯೆಯನ್ನೂ 13 ಭಾಗಿಸುತ್ತದೆ. ಈಗ ಉಳಿದದ್ದು 14359.

ನಿಜವಾದ ಕೆಲಸವಿರುವುದು ಇಲ್ಲಿ. ಇದರ ವರ್ಗಮೂಲ 120ಕ್ಕೆ ತುಸು ಕಡಿಮೆ. 13ರಿಂದ 113ರವರೆಗಿನ 25 ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸುತ್ತಾ ಹೋಗಬಹುದು, ಆದರೆ ಅದು ಬೇಸರದ ದಾರಿ. ಅದಕ್ಕಿಂತ 17ನೇ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ತೋರಿಸಿದ ವಿಧಾನ ಮೇಲು: 120ರಿಂದ ಆರಂಭಿಸಿ ಪ್ರತಿ ಸಂಖ್ಯೆಯ ವರ್ಗದಿಂದಲೂ 14359ನ್ನು ಕಳೆಯುತ್ತಾ, ಉಳಿದದ್ದು ಪೂರ್ಣವರ್ಗವೇ ಎಂದು ನೋಡಬೇಕು. ಕ್ರಮವಾಗಿ 41, 282, 525, 770, 1017, 1266, 1517, 1770 ಬರುತ್ತವೆ. 2 ಅಥವಾ 7ರಲ್ಲಿ ಮುಗಿಯುವ ಸಂಖ್ಯೆ ಪೂರ್ಣವರ್ಗವಾಗದು, ಒಂದೇ ಸೊನ್ನೆಯಲ್ಲಿ ಮುಗಿಯುವುದೂ ಆಗದು. ಹಾಗಾಗಿ ಹೆಚ್ಚಿನವನ್ನು ನೋಡಿದೊಡನೆಯೇ ಕೈಬಿಡಬಹುದು. 128ಕ್ಕೆ ಬಂದಾಗ 16384 − 14359 = 2025, ಅಂದರೆ 45ರ ವರ್ಗ. ಆದುದರಿಂದ ಅಪವರ್ತನಗಳು 128 − 45 = 83 ಮತ್ತು 128 + 45 = 173. ಎರಡೂ ಅವಿಭಾಜ್ಯಗಳು. ಅಪವರ್ತನಗಳೆರಡೂ ಪರಸ್ಪರ ಹತ್ತಿರವಿದ್ದಾಗ ಮಾತ್ರ ಈ ವಿಧಾನ ಬೇಗ ಫಲ ಕೊಡುತ್ತದೆ, ದೂರವಿದ್ದರೆ ಭಾಗಾಕಾರವೇ ವಾಸಿ ಎಂಬುದನ್ನು ಮರೆಯಬಾರದು.

ಹೀಗೆ 560001 = 3 × 13 × 83 × 173. ಪ್ರತಿಯೊಂದು ಅವಿಭಾಜ್ಯವೂ ಒಂದೊಂದೇ ಸಲ ಬಂದಿರುವುದರಿಂದ ಭಾಜಕಗಳ ಸಂಖ್ಯೆ 2 × 2 × 2 × 2 = 16. ಪ್ರತಿ ಅವಿಭಾಜ್ಯಕ್ಕೂ ಒಂದು ಕೂಡಿಸಿ ಗುಣಿಸಿದರೆ, ಅಂದರೆ 4 × 14 × 84 × 174 ಮಾಡಿದರೆ, ಭಾಜಕಗಳ ಮೊತ್ತ 818496 ಸಿಗುತ್ತದೆ. ಒಂದು ಕಳೆದು ಗುಣಿಸಿದರೆ ಈ ಸಂಖ್ಯೆಗಿಂತ ಚಿಕ್ಕದಾಗಿದ್ದು ಇದರೊಡನೆ 1ನ್ನು ಬಿಟ್ಟು ಬೇರೆ ಸಾಮಾನ್ಯ ಭಾಜಕವಿಲ್ಲದ ಸಂಖ್ಯೆಗಳು 338496 ಎಂದು ತಿಳಿಯುತ್ತದೆ.

ಎರಡು ವರ್ಗಗಳ ಮೊತ್ತವಾಗಿ ಇದನ್ನು ಬರೆಯಬಹುದೇ? 4ರಿಂದ ಭಾಗಿಸಿದಾಗ 3 ಶೇಷ ಉಳಿಸುವ ಅವಿಭಾಜ್ಯವು ಬೆಸಸಲ ಬಂದಿದ್ದರೆ ಸಾಧ್ಯವಿಲ್ಲ. ಇಲ್ಲಿ 3 ಮತ್ತು 83 ಎರಡೂ ಹಾಗೆಯೇ ಬಂದಿವೆ. ಅವೆರಡನ್ನೂ ತೆಗೆದರೆ ಉಳಿಯುವ 13 × 173 = 2249ಕ್ಕೆ ಆ ಅಡ್ಡಿಯಿಲ್ಲ: ಅದು 32 ಮತ್ತು 35ರ ವರ್ಗಗಳ ಮೊತ್ತ.